ಕಡಲಿನ ‘ಮೊದಲು’ ಸಿಗುವುದು ಒಂದೇ ಸಲ: ಕಡಲ ಗಾಳಿಯಂತ್ರ ಮತ್ತು ಪರಿಸರ ಅಧ್ಯಯನದ ಬಗ್ಗೆ ಎಂಟು ತಪ್ಪು ಕಲ್ಪನೆಗಳು

ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಕಪ್ಪತಗುಡ್ಡದ ಸುತ್ತ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತ ಬಂದ ನಮಗೆ ಅವು ಗುಡ್ಡದ ಮೇಲಿನ ಸಂಗತಿ. ಡೆನ್ಮಾರ್ಕಿನವರು 1991ರಲ್ಲೇ ಅವನ್ನು ಕಡಲಿಗಿಳಿಸಿದರು. ಲೋಲಾಂಡ್ ದ್ವೀಪದ ಪಕ್ಕ, ವಿಂಡೆಬಿ ಎಂಬಲ್ಲಿ ನಿಂತ 11 ಯಂತ್ರಗಳೇ ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಸ್ಥಾವರ. ಅದು ದುಡಿದು ದಣಿದ ಮೇಲೆ 2017ರಲ್ಲಿ ಬಿಚ್ಚಿ ತೆಗೆದದ್ದೂ ಆಯಿತು. ಆ ನಡುವೆ ಅದೇ ದೇಶ ಎರಡು ದೊಡ್ಡ ಸ್ಥಾವರಗಳನ್ನು ಕಟ್ಟಿತು: 2002ರಲ್ಲಿ ಉತ್ತರ ಸಮುದ್ರದ ಹಾರ್ನ್ಸ್ ರೆವ್‌ನಲ್ಲಿ 80 ಯಂತ್ರ, 2003ರಲ್ಲಿ ಬಾಲ್ಟಿಕ್ ಕಡೆಯ ನ್ಯೂಸ್ಟೆಡ್‌ನಲ್ಲಿ 72 ಯಂತ್ರ. ಕಟ್ಟುವ ಮೊದಲು, ಕಟ್ಟುವಾಗ, ಕಟ್ಟಿದ ಮೇಲೆ ಅಲ್ಲಿನ ಹಕ್ಕಿ, ಮೀನು, ಸಸ್ತನಿ, ತಳದ ಜೀವಿಗಳನ್ನು ವರ್ಷಗಟ್ಟಲೆ ಗಮನಿಸಿ, 2006ರಲ್ಲಿ ಫಲಿತಾಂಶವನ್ನು ಎಲ್ಲರ ಮುಂದಿಟ್ಟಿತು. ಕಡಲ ಗಾಳಿಯಂತ್ರ ಮತ್ತು ಜೀವಲೋಕದ ಬಗ್ಗೆ ನಾವು ಇಂದು ಆಧಾರವಿಟ್ಟು ಮಾತಾಡಲು ಆಗುತ್ತಿದ್ದರೆ ಅದರ ಬಹುಪಾಲು ಶ್ರೇಯ ಆ ಎರಡು ಸ್ಥಾವರಗಳಿಗೆ ಸಲ್ಲಬೇಕು.

ಈಗ ಸರದಿ ನಮ್ಮದು. ಭಾರತದ ಕಡಲ ಗಾಳಿ ನೀತಿ ಬಂದದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತ್ ಮತ್ತು ತಮಿಳುನಾಡು ತೀರಗಳಲ್ಲಿ ತಲಾ 500 ಮೆಗಾವಾಟ್ ಅದರ ಗುರಿ. ಇಂಥ ಹೊತ್ತಿನಲ್ಲಿ ಎರಡು ಬಗೆಯ ಮಾತು ಜೋರಾಗಿ ಕೇಳಿಬರುತ್ತದೆ. ಒಂದು, ಇದು ಹಸಿರು ವಿದ್ಯುತ್ತು, ಅಧ್ಯಯನದ ಹೆಸರಿನಲ್ಲಿ ತಡ ಮಾಡಬೇಡಿ ಎನ್ನುವುದು. ಇನ್ನೊಂದು, ಇದು ಬಂದರೆ ಕಡಲೇ ಹಾಳು ಎನ್ನುವುದು. ಎರಡೂ ಕಡಲನ್ನು ನೋಡದೆ ಆಡುವ ಮಾತು. ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ತಪ್ಪು ಕಲ್ಪನೆ 1: ಗಾಳಿ ಶುದ್ಧ ಇಂಧನ. ಅದಕ್ಕೇಕೆ ಪರಿಸರ ಅಧ್ಯಯನ?

ವಾಸ್ತವ: ಹೊಗೆಯಿಲ್ಲ, ಬೂದಿಯಿಲ್ಲ ಎನ್ನುವುದು ನಿಜ. ಕಲ್ಲಿದ್ದಲು ಸುಡುವುದು ಕಡಿಮೆಯಾದರೆ ಅದರ ಲಾಭ ಇಡೀ ಭೂಮಿಗೆ. ಆದರೆ ಕಂಬ ನೆಡುವುದು ಒಂದು ನಿರ್ದಿಷ್ಟ ಜಾಗದಲ್ಲಿ. ಅದರ ಹೊರೆ ಬೀಳುವುದು ಆ ಜಾಗವನ್ನೇ ನಂಬಿಕೊಂಡ ಜೀವಿಗಳ ಮೇಲೆ, ಆ ನೀರಿನಲ್ಲೇ ಬಲೆ ಬಿಡುವ ಜನರ ಮೇಲೆ. ಲಾಭ ದೊಡ್ಡದು ಎಂದಮಾತ್ರಕ್ಕೆ ಹೊರೆಯ ಲೆಕ್ಕ ಬಿಡಲಾಗದು.

ನೆಲದ ಮೇಲಿನ ಅಭ್ಯಾಸವೂ ಈ ಕಲ್ಪನೆಗೆ ಕಾರಣ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳು ಸೇರಿಲ್ಲ. ಹಾಗಾಗಿ ಗಾಳಿಯಂತ್ರ ಎಂದರೆ ಅಧ್ಯಯನದ ತಂಟೆಯಿಲ್ಲ ಎಂಬ ಭಾವನೆ ಬೇರೂರಿದೆ. ಕಡಲಿನ ಕಥೆ ಬೇರೆ. ತೀರದಿಂದ 12 ನಾಟಿಕಲ್ ಮೈಲಿಯವರೆಗಿನ ನೀರು ಕರಾವಳಿ ನಿಯಂತ್ರಣ ವಲಯದ ನಿಯಮದೊಳಗೆ ಬರುತ್ತದೆ. ಯಂತ್ರಗಳು ಎಷ್ಟೇ ದೂರದಲ್ಲಿರಲಿ, ವಿದ್ಯುತ್ ಹೊತ್ತ ಕೇಬಲ್ ಆ ವಲಯವನ್ನು ದಾಟಿಯೇ ದಡ ಸೇರಬೇಕು. 2015ರ ನೀತಿಯೂ ಪರಿಸರ ಅಧ್ಯಯನ ಬೇಕೆಂದೇ ಹೇಳುತ್ತದೆ.

ತಪ್ಪು ಕಲ್ಪನೆ 2: ಅಲ್ಲಿರುವುದು ಬರೀ ನೀರು. ಖಾಲಿ ಜಾಗ.

ವಾಸ್ತವ: ದಡದಲ್ಲಿ ನಿಂತವನ ಕಣ್ಣಿಗೆ ಮಾತ್ರ ಕಡಲು ಖಾಲಿ. ಅಧ್ಯಯನದ ಹಡಗು ಮೊದಲು ಮಾಡುವ ಕೆಲಸವೇ ಆ ಖಾಲಿತನವನ್ನು ತುಂಬಿಕೊಳ್ಳುವುದು. ಹಡಗಿನ ತಳದಿಂದ ಬೀಸಣಿಗೆಯಂತೆ ಹರಡುವ ಸದ್ದಿನ ಅಲೆಗಳು ತಳಕ್ಕೆ ತಾಕಿ ಮರಳುವ ಹೊತ್ತನ್ನು ಅಳೆದು ಆಳದ ನಕ್ಷೆ ಬರೆಯುತ್ತಾರೆ. ಹಿಂದೆ ಎಳೆದೊಯ್ಯುವ ಇನ್ನೊಂದು ಸೋನಾರ್ ಮರಳು ಎಲ್ಲಿ, ಕಲ್ಲು ಎಲ್ಲಿ, ಮುಳುಗಿದ ಹಡಗು ಎಲ್ಲಿ ಎಂದು ತೋರಿಸುತ್ತದೆ. ಕಬ್ಬಿಣವನ್ನು ಗುರುತಿಸುವ ಮ್ಯಾಗ್ನೆಟೋಮೀಟರ್ ಯುರೋಪಿನ ಕಡಲಲ್ಲಿ ಎರಡನೇ ಮಹಾಯುದ್ಧದ ಸಿಡಿಯದ ಬಾಂಬುಗಳನ್ನು ಹುಡುಕಿ ಕೊಡುತ್ತದೆ. ಉಕ್ಕಿನ ದವಡೆಯಂಥ ಸಾಧನ ಇಳಿಸಿ ತಳದ ಮಣ್ಣನ್ನು ಕಚ್ಚಿ ತಂದು, ಜರಡಿ ಹಿಡಿದು, ಅದರಲ್ಲಿರುವ ಹುಳು, ಚಿಪ್ಪು, ಏಡಿಗಳನ್ನು ಒಂದೊಂದಾಗಿ ಎಣಿಸುತ್ತಾರೆ. ವಿಮಾನದಿಂದ ಫೋಟೋ ತೆಗೆದು ಹಕ್ಕಿಗಳನ್ನೂ ಸಸ್ತನಿಗಳನ್ನೂ ಲೆಕ್ಕ ಹಾಕುತ್ತಾರೆ. ನೀರಿನೊಳಗೆ ಕಟ್ಟಿಟ್ಟ ಮೈಕುಗಳು ತಿಂಗಳುಗಟ್ಟಲೆ ಕೇಳಿಸಿಕೊಳ್ಳುತ್ತವೆ.

ಮನುಷ್ಯನ ಚರಿತ್ರೆಯೂ ಆ ತಳದಲ್ಲಿದೆ. 1931ರಲ್ಲಿ ಕೊಲಿಂಡ ಎಂಬ ಮೀನುಗಾರಿಕೆ ಹಡಗಿನ ಬಲೆಗೆ ಇಂಗ್ಲೆಂಡಿನ ನಾರ್ಫೋಕ್ ತೀರದಾಚೆ ಜೌಗುಮಣ್ಣಿನ ಒಂದು ಹೆಂಟೆ ಸಿಕ್ಕಿತು. ಅದರೊಳಗೆ ಜಿಂಕೆಯ ಕೊಂಬಿನಿಂದ ಕೆತ್ತಿದ ಮುಳ್ಳುಮೊನೆಯ ಆಯುಧವಿತ್ತು. ಇಂದಿನ ಉತ್ತರ ಸಮುದ್ರದ ತಳ ಒಂದು ಕಾಲದಲ್ಲಿ ಜನ ಬೇಟೆಯಾಡುತ್ತ ತಿರುಗಿದ ನೆಲವಾಗಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಹಾಗಾಗಿ ಅಲ್ಲಿ ಗಾಳಿಯಂತ್ರದ ಅಧ್ಯಯನದಲ್ಲಿ ಪುರಾತತ್ವಕ್ಕೂ ಜಾಗವಿದೆ.

ತಪ್ಪು ಕಲ್ಪನೆ 3: ಅಧ್ಯಯನವೆಂದರೆ ಅನುಮತಿಗಾಗಿ ಬರೆಯುವ ಒಂದು ವರದಿ. ಆರು ತಿಂಗಳಲ್ಲಿ ಮುಗಿಸಬಹುದು.

ವಾಸ್ತವ: ಇದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಕಡಲಿಗೂ ಋತುಗಳಿವೆ. ಚಳಿಗಾಲದಲ್ಲಿ ಬರುವ ಹಕ್ಕಿ ಬೇಸಿಗೆಯಲ್ಲಿ ಇರುವುದಿಲ್ಲ. ಈ ವರ್ಷ ತುಂಬಿ ಬಂದ ಮೀನು ಮುಂದಿನ ವರ್ಷ ಬಾರದಿರಬಹುದು. ಅದಕ್ಕೇ ಬ್ರಿಟನ್ನಿನಂಥ ದೇಶಗಳಲ್ಲಿ ಹಕ್ಕಿಗಳ ಸಮೀಕ್ಷೆ ಸಾಮಾನ್ಯವಾಗಿ ಎರಡು ಪೂರ್ಣ ವರ್ಷ, ತಿಂಗಳು ತಿಂಗಳೂ ನಡೆಯುತ್ತದೆ.

ಅಳೆಯುವ ಕ್ರಮದಲ್ಲೂ ಒಂದು ಜಾಣ್ಮೆಯಿದೆ. ಯಂತ್ರ ಬರುವ ಜಾಗವನ್ನು ಮಾತ್ರ ಅಳೆದರೆ ಸಾಲದು. ಅದರಂತೆಯೇ ಇರುವ, ಆದರೆ ಯಂತ್ರ ಬಾರದ ಇನ್ನೊಂದು ಜಾಗವನ್ನೂ ಅಳೆಯಬೇಕು. ಎರಡನ್ನೂ ಮೊದಲು ಒಮ್ಮೆ, ಆಮೇಲೆ ಮತ್ತೆ ಅಳೆಯಬೇಕು. ಎರಡೂ ಕಡೆ ಮೀನು ಕಡಿಮೆಯಾಗಿದ್ದರೆ ಕಾರಣ ಬೇರೆಲ್ಲೋ ಇದೆ. ಯಂತ್ರದ ಜಾಗದಲ್ಲಿ ಮಾತ್ರ ಕಡಿಮೆಯಾಗಿದ್ದರೆ ಯಂತ್ರವನ್ನು ಕೇಳಬೇಕು. ಈ ಹೋಲಿಕೆಯ ಪ್ರಾಣವಿರುವುದು ‘ಮೊದಲು’ ಎಂಬ ಅಳತೆಯಲ್ಲಿ. ಕಂಬ ನೆಟ್ಟ ಮಾರನೆಯ ದಿನ ಆ ‘ಮೊದಲು’ ಎಷ್ಟು ಕೋಟಿ ಸುರಿದರೂ ಸಿಗುವುದಿಲ್ಲ.

‘ಆಮೇಲೆ’ ಎಂಬುದಕ್ಕೂ ಅವಸರ ಸಲ್ಲದು. ಹಾರ್ನ್ಸ್ ರೆವ್‌ನಲ್ಲಿ ಸ್ಕೋಟರ್ ಎಂಬ ಕಪ್ಪು ಕಡಲಬಾತುಗಳು ಮೊದಲ ವರ್ಷಗಳಲ್ಲಿ ಯಂತ್ರಗಳ ನಡುವೆ ಸುಳಿಯಲೇ ಇಲ್ಲ. 2006ರ ವರದಿ ಅದನ್ನೇ ದಾಖಲಿಸಿತು. ಆದರೆ ಅದರ ಬೆನ್ನಿಗೇ, 2007ರ ಆರಂಭದ ಎಣಿಕೆಯಲ್ಲಿ, ಅವು ದೊಡ್ಡ ಸಂಖ್ಯೆಯಲ್ಲಿ ಯಂತ್ರಗಳ ಸಾಲಿನೊಳಗೇ ತೇಲುತ್ತಿದ್ದವು. ಎಣಿಕೆ ನಿಲ್ಲಿಸಿದ್ದರೆ ‘ಬಾತುಗಳು ಶಾಶ್ವತವಾಗಿ ಓಡಿಹೋದವು’ ಎಂದೇ ಜಗತ್ತು ನಂಬಿರುತ್ತಿತ್ತು.

ನ್ಯೂಸ್ಟೆಡ್ ಇದಕ್ಕೆ ಉಲ್ಟಾ ಪಾಠ ಹೇಳಿತು. ಡಾಲ್ಫಿನ್ನಿನ ಸಂಬಂಧಿಯಾದ ಪಾರ್ಪಸ್ ಎಂಬ ಪುಟ್ಟ ಸಸ್ತನಿ ಸದ್ದು ಹೊರಡಿಸಿ, ಅದರ ಮರುದನಿ ಕೇಳಿ ದಾರಿ ಮತ್ತು ಆಹಾರ ಹುಡುಕುತ್ತದೆ. ಆ ಸದ್ದು ಸುಮಾರು 130 ಕಿಲೋಹರ್ಟ್ಸ್. ಮನುಷ್ಯನ ಕಿವಿ 20ಕ್ಕೇ ನಿಂತುಬಿಡುತ್ತದೆ. ನೀರಿನಲ್ಲಿಟ್ಟ ಉಪಕರಣಗಳು ದಾಖಲಿಸಿದ ಈ ಸದ್ದು ನಿರ್ಮಾಣದ ಕಾಲದಲ್ಲಿ ಕುಸಿಯಿತು. ಸುಮಾರು ಹತ್ತು ವರ್ಷದ ಅಳತೆಯ ಕೊನೆಗೂ ಅದು ಮೊದಲಿದ್ದ ಮಟ್ಟದ ಶೇಕಡ 29ಕ್ಕೆ ಮಾತ್ರ ಏರಿತ್ತು. ಇದೇ ಪ್ರಾಣಿ ನೆದರ್ಲೆಂಡ್ಸಿನ ಎಗ್ಮಂಡ್ ಸ್ಥಾವರದಲ್ಲಿ ಸುತ್ತಲಿನ ನೀರಿಗಿಂತ ಯಂತ್ರಗಳ ನಡುವೆಯೇ ಹೆಚ್ಚಾಗಿ ಕೇಳಿಸಿತು. ಪ್ರಾಣಿ ಒಂದೇ, ಉತ್ತರ ಎರಡು. ‘ಮೊದಲು’ ಅಳೆದಿದ್ದರಿಂದಲೇ ಎರಡೂ ಉತ್ತರ ಸಿಕ್ಕವು.

ತಪ್ಪು ಕಲ್ಪನೆ 4: ಹಕ್ಕಿಗಳಿಗೆ ಇರುವ ಅಪಾಯವೆಂದರೆ ರೆಕ್ಕೆಗೆ ಬಡಿದು ಸಾಯುವುದು.

ವಾಸ್ತವ: ಬಡಿದು ಸಾಯುವುದು ಉಂಟು. ಆದರೆ ಅದು ಲೆಕ್ಕದ ಒಂದು ಭಾಗ. ನ್ಯೂಸ್ಟೆಡ್ ಮಾರ್ಗವಾಗಿ ಪ್ರತಿ ಶರತ್ಕಾಲದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐಡರ್ ಬಾತುಗಳು ವಲಸೆ ಹೋಗುತ್ತವೆ. ಕತ್ತಲಲ್ಲೂ ಕಾಣುವ ರಾಡಾರ್ ಇಟ್ಟು ಅವುಗಳ ದಾರಿಯನ್ನು ಗುರುತು ಮಾಡಿದರು. ಯಂತ್ರಗಳು ನಿಂತ ಮೇಲೆ ಹಿಂಡುಗಳು ದೂರದಿಂದಲೇ ಬಾಗಿ ಸುತ್ತು ಹಾಕಿದವು. ರಾತ್ರಿ ಒಳಗೆ ಬಂದವು ಸಾಲುಗಳ ನಡುವಿನ ಓಣಿಯಲ್ಲಿ, ಕಂಬಗಳಿಂದ ಅಂತರ ಕಾದುಕೊಂಡು ಹಾರಿದವು. ಬಾತು ಮತ್ತು ಹೆಬ್ಬಾತುಗಳಲ್ಲಿ ಅಪಾಯವಾಗುವಷ್ಟು ಹತ್ತಿರ ಹಾರಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು 2005ರಲ್ಲಿ ಪ್ರಕಟವಾಯಿತು.

ಹೆಚ್ಚು ಸೂಕ್ಷ್ಮವಾದ ನಷ್ಟ ಬೇರೆ: ಜಾಗ ಕಳೆದುಕೊಳ್ಳುವುದು. ಕೆಂಪುಕೊರಳಿನ ಡೈವರ್ ಎಂಬ ಮುಳುಗುಹಕ್ಕಿ ಜರ್ಮನಿಯ ಕಡಲಲ್ಲಿ ಯಂತ್ರಗಳಿಂದ ಹತ್ತು ಕಿಲೋಮೀಟರ್ ದೂರದವರೆಗೂ ವಿರಳವಾಗಿದೆ. ಒಂದು ಹಕ್ಕಿಯೂ ರೆಕ್ಕೆಗೆ ಬಡಿಯದಿದ್ದರೂ ಅದರ ಮೇವಿನ ಬಯಲು ಹೋದಂತೆಯೇ. ಸತ್ತ ಹಕ್ಕಿಗಳನ್ನು ಮಾತ್ರ ಎಣಿಸುವ ಅಧ್ಯಯನಕ್ಕೆ ಈ ನಷ್ಟ ಕಾಣುವುದೇ ಇಲ್ಲ.

ಅರಿವಿದ್ದರೆ ಉಪಾಯವೂ ಉಂಟು. 2023ರ ಮೇ 13ರ ರಾತ್ರಿ, ಹಕ್ಕಿಗಳ ದೊಡ್ಡ ವಲಸೆ ಬರಲಿದೆ ಎಂಬ ಮುನ್ಸೂಚನೆ ನೋಡಿ, ನೆದರ್ಲೆಂಡ್ಸ್ ಎರಡು ಕಡಲ ಸ್ಥಾವರಗಳ ಯಂತ್ರಗಳನ್ನು ನಾಲ್ಕು ಗಂಟೆ ಹೊತ್ತು ನಿಂತೇ ಹೋದಷ್ಟು ನಿಧಾನಗೊಳಿಸಿತು. ಹಕ್ಕಿಗಳು ದಾಟಿಹೋದವು. ವರ್ಷಗಳ ರಾಡಾರ್ ದಾಖಲೆ ಇಲ್ಲದಿದ್ದರೆ ಯಾವ ರಾತ್ರಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ತಪ್ಪು ಕಲ್ಪನೆ 5: ಗಾಳಿಯಂತ್ರಗಳ ಸದ್ದಿಗೆ ತಿಮಿಂಗಿಲಗಳು ಸತ್ತು ದಡಕ್ಕೆ ಬೀಳುತ್ತವೆ.

ವಾಸ್ತವ: ಅಮೆರಿಕದ ಪೂರ್ವ ತೀರದಲ್ಲಿ ಈ ಮಾತು ಬಲವಾಗಿ ಹಬ್ಬಿದೆ. ಅಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಸಾವು ಅಸಹಜವಾಗಿ ಏರಿದ್ದು 2016ರ ಜನವರಿಯಿಂದ. ದೊಡ್ಡ ಕಡಲ ಸ್ಥಾವರಗಳ ಕಂಬ ನೆಡುವ ಕೆಲಸ ಶುರುವಾದದ್ದು 2023ರಲ್ಲಿ. ಮರಣೋತ್ತರ ಪರೀಕ್ಷೆ ಮಾಡಿದ ದೇಹಗಳಲ್ಲಿ ಸುಮಾರು ಶೇಕಡ 40ರ ಮೇಲೆ ಹಡಗು ಬಡಿದ ಅಥವಾ ಬಲೆ-ಹಗ್ಗಕ್ಕೆ ಸಿಕ್ಕ ಗುರುತುಗಳಿದ್ದವು. ಗಾಳಿ ಯೋಜನೆಗಳ ಸಮೀಕ್ಷೆಗೂ ಈ ಸಾವುಗಳಿಗೂ ನಂಟಿರುವುದಕ್ಕೆ ಪುರಾವೆಯಿಲ್ಲ ಎಂದು ಅಲ್ಲಿನ ಸರ್ಕಾರಿ ಕಡಲ ಸಂಸ್ಥೆ ನೋವಾ ಹೇಳಿದೆ.

ಹಾಗೆಂದು ಸದ್ದಿನ ಭಯವೆಲ್ಲ ಸುಳ್ಳಲ್ಲ. ಯಂತ್ರ ತಿರುಗುವಾಗಿನ ಸದ್ದು ಬೇರೆ, ಅದರ ಬುಡದ ಉಕ್ಕಿನ ಕೊಳವೆಯನ್ನು ದೈತ್ಯ ಸುತ್ತಿಗೆಯಿಂದ ತಳಕ್ಕೆ ಬಡಿಯುವಾಗಿನ ಸದ್ದು ಬೇರೆ. ಎರಡನೆಯದು ಪಾರ್ಪಸ್‌ಗಳನ್ನು ಹತ್ತಾರು ಕಿಲೋಮೀಟರ್ ದೂರಕ್ಕೆ ಓಡಿಸಬಲ್ಲದು, ಹತ್ತಿರವಿದ್ದರೆ ಕಿವಿಗೇ ಪೆಟ್ಟು. ಜರ್ಮನಿ ಇದಕ್ಕೊಂದು ಗೆರೆ ಎಳೆಯಿತು: ಬಡಿಯುವ ಜಾಗದಿಂದ 750 ಮೀಟರ್ ದೂರದಲ್ಲಿ ಒಂದು ಹೊಡೆತದ ಸದ್ದು 160 ಡೆಸಿಬೆಲ್ ಮೀರಬಾರದು. ಆ ಗೆರೆ ದಾಟದಿರಲು ಎಂಜಿನಿಯರುಗಳು ಕಂಡುಕೊಂಡ ದಾರಿ ಗುಳ್ಳೆಗಳ ಪರದೆ. ಕಂಬದ ಸುತ್ತ ತಳದಲ್ಲಿ ತೂತಿನ ಕೊಳವೆ ಹಾಸಿ ಗಾಳಿ ಊದಿದರೆ ಮೇಲೇಳುವ ಗುಳ್ಳೆಗಳ ಗೋಡೆ ಸದ್ದನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿನ ಡೆಸಿಬೆಲ್ಲನ್ನು ನಮ್ಮ ರಸ್ತೆಯ ಡೆಸಿಬೆಲ್ಲಿಗೆ ಹೋಲಿಸಿ ಗಾಬರಿಯಾಗಬೇಕಿಲ್ಲ. ಎರಡರ ಅಳತೆಗೋಲೇ ಬೇರೆ.

ಒಂದು ಮಾತು ಮರೆಯಬಾರದು. ನ್ಯೂಸ್ಟೆಡ್‌ನ ಅಡಿಪಾಯಗಳು ಬಡಿದು ಇಳಿಸಿದವಲ್ಲ, ತಂದು ಕೂರಿಸಿದ ಕಾಂಕ್ರೀಟಿನವು. ಆದರೂ ಅಲ್ಲಿ ಪಾರ್ಪಸ್ ಕಡಿಮೆಯಾಯಿತು. ಸುತ್ತಿಗೆಯ ಸದ್ದೊಂದನ್ನೇ ಹಿಡಿದು ಕೂತರೆ ಕಡಲಿನ ಲೆಕ್ಕ ಮುಗಿಯುವುದಿಲ್ಲ.

ತಪ್ಪು ಕಲ್ಪನೆ 6: ಯಂತ್ರ ಬಂದರೆ ಮೀನು ಮುಗಿಯಿತು. ಅಥವಾ, ಯಂತ್ರ ಬಂದರೆ ಮೀನು ದುಪ್ಪಟ್ಟು.

ವಾಸ್ತವ: ಮೀನುಗಾರರ ಸಭೆಯಲ್ಲಿ ಮೊದಲನೆಯದು, ಕಂಪನಿಗಳ ಕರಪತ್ರದಲ್ಲಿ ಎರಡನೆಯದು. ಮರಳಿನ ತಳದಲ್ಲಿ ಉಕ್ಕಿನ ಕಂಬವೂ ಅದರ ಬುಡಕ್ಕೆ ಸುರಿದ ಕಲ್ಲೂ ಬಂದಾಗ ಅಲ್ಲಿ ಮಳಿಗೆ ತೆರೆದಂತಾಗುತ್ತದೆ. ನೀಲಿಕಲ್ವ, ಪಾಚಿ, ಸಣ್ಣ ಸಿಗಡಿಯಂಥ ಜೀವಿಗಳು ಅಂಟಿಕೊಂಡು ಬೆಳೆಯುತ್ತವೆ. ಅವನ್ನು ತಿನ್ನಲು ಮೀನು ಬರುತ್ತದೆ. ಹಾರ್ನ್ಸ್ ರೆವ್‌ನಲ್ಲಿ ಇದನ್ನು ಸ್ಪಷ್ಟವಾಗಿ ಕಂಡರು. ಆದರೆ ಸುತ್ತಲಿನ ಮೀನು ಇಲ್ಲಿಗೆ ಬಂದು ಸೇರಿತೋ, ಅಥವಾ ಒಟ್ಟು ಮೀನೇ ಹೆಚ್ಚಿತೋ ಎಂಬುದು ಬೇರೆ ಪ್ರಶ್ನೆ. ಮೊದಲಿದ್ದ ಮರಳುತಳದ ಜೀವಿಗಳು ಅಲ್ಲಿ ಜಾಗ ಕಳೆದುಕೊಂಡದ್ದೂ ಅಷ್ಟೇ ನಿಜ.

ಮೀನಿರುವುದು ಒಂದು, ಅದನ್ನು ಹಿಡಿಯಲು ಬಿಡುವುದು ಇನ್ನೊಂದು. ಬೆಲ್ಜಿಯಂ ತನ್ನ ಸ್ಥಾವರಗಳೊಳಗೆ ಮೀನುಗಾರಿಕೆಗೆ ಬಿಡುವುದಿಲ್ಲ. ಬ್ರಿಟನ್ ಬಿಡುತ್ತದೆ, ಆದರೆ ತಳ ಕೆರೆಯುವ ಬಲೆ ಎಳೆಯುವವರು ಕೇಬಲ್ಲಿಗೆ ಹೆದರಿ ತಾವಾಗಿಯೇ ದೂರವಿರುವುದುಂಟು. ಇಲ್ಲೊಂದು ಸೂಕ್ಷ್ಮ ಅನ್ಯಾಯ ನುಸುಳಬಹುದು. ಯುರೋಪಿನಲ್ಲಿ ಬೋಟುಗಳ ಓಡಾಟದ ನಕ್ಷೆ ತಯಾರಾಗುವುದು ಉಪಗ್ರಹ ಉಪಕರಣದಿಂದ. ಆ ಉಪಕರಣ ಬಹುಕಾಲ 15 ಮೀಟರ್‌ಗಿಂತ ಉದ್ದದ, ಆಮೇಲೆ 12 ಮೀಟರ್ ಹಾಗೂ ಅದಕ್ಕಿಂತ ದೊಡ್ಡ ಬೋಟುಗಳಿಗೆ ಮಾತ್ರ ಕಡ್ಡಾಯವಾಗಿತ್ತು. ಚಿಕ್ಕ ದೋಣಿಗಳು ನಕ್ಷೆಯಲ್ಲಿ ಮೂಡುತ್ತಲೇ ಇರಲಿಲ್ಲ. ನಕ್ಷೆಯಲ್ಲಿಲ್ಲದವನಿಗೆ ಪರಿಹಾರದ ಪಟ್ಟಿಯಲ್ಲೂ ಹೆಸರಿರುವುದಿಲ್ಲ. ನಮ್ಮ ತೀರದ ನಾಡದೋಣಿಗಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಹಾಗಾಗಿ ಉಪಗ್ರಹದಷ್ಟೇ ಮುಖ್ಯ, ದಕ್ಕೆಯಲ್ಲಿ ಕೂತು ಕೇಳುವುದು. ಬಂಗುಡೆ ಯಾವ ತಿಂಗಳು ಯಾವ ಆಳಕ್ಕೆ ಬರುತ್ತದೆ, ಬೂತಾಯಿ ಯಾವ ಗಾಳಿಗೆ ಚದುರುತ್ತದೆ, ತಳದ ಕಲ್ಲು ಎಲ್ಲಿ ಬಲೆ ಹರಿಯುತ್ತದೆ ಎಂಬುದು ಮೊಗವೀರರು, ಖಾರ್ವಿಗಳಂಥ ಕಡಲ ಮಕ್ಕಳಿಗೆ ತಲೆಮಾರುಗಳಿಂದ ಗೊತ್ತು. ಆ ಅರಿವು ಅಹವಾಲು ಸಭೆಯ ಕೊನೆಯ ಹತ್ತು ನಿಮಿಷಕ್ಕೆ ಸೀಮಿತವಾಗಬಾರದು. ಅಧ್ಯಯನದ ಮೊದಲ ದಿನದಿಂದಲೇ ಅದು ಅಳತೆಯ ಭಾಗವಾಗಬೇಕು.

ತಪ್ಪು ಕಲ್ಪನೆ 7: ವರದಿ ಬರೀ ಕಾಗದ. ಕೊನೆಗೆ ಎಲ್ಲ ಯೋಜನೆಗೂ ಒಪ್ಪಿಗೆ ಸಿಗುತ್ತದೆ.

ವಾಸ್ತವ: ಪ್ರಾಮಾಣಿಕವಾಗಿ ಮಾಡಿದ ಅಧ್ಯಯನಕ್ಕೆ ‘ಬೇಡ’ ಎನ್ನುವ ಶಕ್ತಿಯಿದೆ. ಇಂಗ್ಲೆಂಡಿನ ಪೂರ್ವ ತೀರದ ಗ್ರೇಟರ್ ವಾಷ್ ಪ್ರದೇಶದಲ್ಲಿ ಮೂರು ಯೋಜನೆಗಳು ಒಟ್ಟಿಗೆ ಸಾಲಿನಲ್ಲಿ ನಿಂತಿದ್ದವು. ಪಕ್ಕದ ನಾರ್ಫೋಕ್ ತೀರದಲ್ಲಿ ಸ್ಯಾಂಡ್‌ವಿಚ್ ರೀವ ಎಂಬ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಒಂದೊಂದನ್ನೇ ನೋಡಿದರೆ ಹಕ್ಕಿಗಳಿಗೆ ತಟ್ಟುವ ಏಟು ಚಿಕ್ಕದು. ಮೂರನ್ನೂ ಕೂಡಿಸಿದರೆ ಆ ವಸಾಹತು ತಾಳಿಕೊಳ್ಳುವುದಕ್ಕಿಂತ ಹೆಚ್ಚು. 2012ರ ಜುಲೈನಲ್ಲಿ ಸರ್ಕಾರ ಎರಡಕ್ಕೆ ಒಪ್ಪಿಗೆ ಕೊಟ್ಟು, 540 ಮೆಗಾವಾಟಿನ ಡಾಕಿಂಗ್ ಶೋಲ್ ಯೋಜನೆಯನ್ನು ತಿರಸ್ಕರಿಸಿತು. ಹನಿ ಹನಿಗೂಡಿದರೆ ಹಳ್ಳವಾಗುವುದು ಹೊರೆಯ ವಿಷಯದಲ್ಲೂ ನಿಜ. ಎಲ್ಲ ಯೋಜನೆಗಳ ಏಟನ್ನೂ ಕೂಡಿಸಿ ನೋಡದ ವರದಿ ಅರೆ ವರದಿ.

ಇನ್ನೊಂದು ದಾರಿಯೂ ಇದೆ. ಅದೇ ದೇಶದ ಹಾರ್ನ್‌ಸೀ ಮೂರನೇ ಯೋಜನೆಗೆ 2020ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಾಗ ಷರತ್ತೊಂದು ಬಂತು: ಯಂತ್ರಗಳಿಗೆ ಸಿಕ್ಕು ಕಡಿಮೆಯಾಗಬಹುದಾದ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳಿಗಾಗಿ ಕೃತಕ ಗೂಡುಕಟ್ಟೆಗಳನ್ನು ಕಟ್ಟಿಕೊಡಬೇಕು. ಹಕ್ಕಿಗೆ ಆಗುವ ನಷ್ಟವನ್ನು ಸಂಖ್ಯೆಯಲ್ಲಿ ಹೇಳಲು ಬಂದಿದ್ದರಿಂದಲೇ ತುಂಬಿಕೊಡುವ ಮಾತೂ ಹುಟ್ಟಿತು.

ತಪ್ಪು ಕಲ್ಪನೆ 8: ಯುರೋಪಿನಲ್ಲಿ ಎಲ್ಲ ಅಳೆದಾಗಿದೆ. ಅದನ್ನೇ ಇಲ್ಲಿಗೂ ಅನ್ವಯಿಸಿದರಾಯಿತು.

ವಾಸ್ತವ: ಅಳೆಯುವ ವಿಧಾನವನ್ನು ತರಬಹುದು, ಉತ್ತರವನ್ನು ತರಲಾಗದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ-ಇಳಿತದ ಅಂತರ ಹತ್ತು ಮೀಟರಿನಷ್ಟಾಗುವ ಕಡೆಗಳಿವೆ. ನೀರು ಸದಾ ಕೆಸರು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸುತ್ತ ಹವಳದ ದಿಬ್ಬಗಳು, ಕಡಲಹುಲ್ಲಿನ ಹಾಸು. ಆ ಹುಲ್ಲನ್ನೇ ಮೇಯ್ದು ಬದುಕುವ ಕಡಲಹಸುವಿಗಾಗಿ ಪಕ್ಕದ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರಿನ ರಕ್ಷಿತ ಪ್ರದೇಶ 2022ರಲ್ಲಿ ಘೋಷಣೆಯಾಗಿದೆ. ಕೇಬಲ್ ಹೂಳುವ ಒಂದು ಕಾಲುವೆ ಹುಲ್ಲಿನ ಹಾಸನ್ನು ಸೀಳಿದರೆ ಏನಾಗುತ್ತದೆ ಎಂದು ಡೆನ್ಮಾರ್ಕಿನ ವರದಿ ಹೇಳಲಾರದು.

ನಮ್ಮ ಪಾರ್ಪಸ್‌ಗೆ ಬೆನ್ನಮೇಲೆ ಈಜುರೆಕ್ಕೆಯೇ ಇಲ್ಲ. ದೋಣಿಯಲ್ಲಿ ಕೂತು ಎಣಿಸಲು ಹೊರಟರೆ ಕಣ್ಣಿಗೆ ಬೀಳುವುದು ಕಷ್ಟ. ಅದನ್ನು ನೋಡುವುದಕ್ಕಿಂತ ಕೇಳಿಸಿಕೊಳ್ಳಬೇಕು. ಕಾರವಾರದಲ್ಲಿ ಪ್ರವಾಸಿಗರು ನೋಡಲು ಹೋಗುವ ಗೂನುಬೆನ್ನಿನ ಡಾಲ್ಫಿನ್ ತೀರದ ಹತ್ತಿರದ ಆಳವಿಲ್ಲದ ನೀರನ್ನೇ ನೆಚ್ಚಿಕೊಂಡದ್ದು. ಕೇಬಲ್ ದಡ ಹತ್ತುವುದೂ ಅಂಥ ನೀರಿನಲ್ಲೇ.

ಮುಂಗಾರಿನ ತೊಡಕಂತೂ ಯುರೋಪಿಗೆ ಗೊತ್ತೇ ಇಲ್ಲ. ಗಾಳಿ ಭರದಿಂದ ಬೀಸುವ, ಯಂತ್ರಗಳು ಹೆಚ್ಚು ದುಡಿಯುವ ತಿಂಗಳುಗಳು ಜೂನ್‌ನಿಂದ ಸೆಪ್ಟೆಂಬರ್. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮೀನು ಮರಿ ಮಾಡಲಿ ಎಂಬುದೂ ಆ ರಜೆಯ ಉದ್ದೇಶ. ಅದೇ ತೂಫಾನಿನ ಹೊತ್ತಿನಲ್ಲಿ ಸಮೀಕ್ಷೆಯ ಬೋಟು ಕಡಲಿಗಿಳಿಯಲಾರದು. ಅಂದರೆ ಅತಿ ಮುಖ್ಯವಾದ ಕಾಲದ ಪುಟವೇ ಖಾಲಿ ಉಳಿಯುವ ಭಯವಿದೆ. ಮಳೆಗೆ ಮೊದಲೇ ತಳಕ್ಕೆ ಕಟ್ಟಿಟ್ಟು, ಮಳೆ ಮುಗಿದ ಮೇಲೆ ಎತ್ತುವ ಉಪಕರಣಗಳಿಂದ ಮಾತ್ರ ಆ ಪುಟ ತುಂಬೀತು.

ಗಾಳಿಗೆ ಕೊಟ್ಟ ಗೌರವ ನೀರಿಗೂ

2017ರ ನವೆಂಬರಿನಲ್ಲಿ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಗುಜರಾತಿನ ಪಿಪಾವಾವ್ ಬಂದರಿನಿಂದ ಸುಮಾರು 23 ಕಿಲೋಮೀಟರ್ ದೂರದ ಕಡಲಲ್ಲಿ ಒಂದು ವೇದಿಕೆ ನಿಲ್ಲಿಸಿ, ಅದರ ಮೇಲೆ ಲಿಡಾರ್ ಉಪಕರಣ ಇಟ್ಟಿತು. ಲೇಸರ್ ಕಿರಣದಿಂದ ಅದು ಗಾಳಿಯ ವೇಗ ಅಳೆಯಿತು. ಆ ಅಂಕಿಗಳು ಪ್ರಕಟವೂ ಆದವು. ಒಳ್ಳೆಯ ಕೆಲಸ. ವರ್ಷಗಟ್ಟಲೆ ಗಾಳಿ ಅಳೆಯದ ಯೋಜನೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅದನ್ನು ಯಾರೂ ವಿಳಂಬ ಎಂದು ಕರೆಯುವುದಿಲ್ಲ.

ಕೆಳಗಿನ ನೀರಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು. ಕಲ್ಲಿದ್ದಲಿನಿಂದ ಬಿಡುಗಡೆ ನಮಗೆ ಬೇಕೇ ಬೇಕು. ಕಡಲ ಗಾಳಿ ಅದಕ್ಕೊಂದು ನಿಜವಾದ ದಾರಿ. ಆ ದಾರಿಗೆ ಅಧ್ಯಯನ ಅಡ್ಡಗಲ್ಲಲ್ಲ. ನಾಳೆ ಮೀನು ಕಡಿಮೆಯಾದಾಗ ದೂರುವವರಿಗೂ ಉತ್ತರಿಸುವವರಿಗೂ ನಡುವೆ ಸತ್ಯ ಹೇಳಬಲ್ಲ ಒಂದೇ ಸಾಕ್ಷಿ ಅದು. ಹಾರ್ನ್ಸ್ ರೆವ್ ಮತ್ತು ನ್ಯೂಸ್ಟೆಡ್‌ಗೆ ಆ ಸಾಕ್ಷಿಯಿದೆ, ಏಕೆಂದರೆ ಅಲ್ಲಿ ಮೊದಲ ಕಂಬಕ್ಕೂ ಮುಂಚೆ ಯಾರೋ ಬಾತುಗಳನ್ನು ಎಣಿಸಿದ್ದರು, ಯಾರೋ ಪಾರ್ಪಸ್ಸಿನ ಸದ್ದಿಗೆ ಕಿವಿಗೊಟ್ಟಿದ್ದರು. ನಮ್ಮ ಕಡಲಲ್ಲಿ ಇನ್ನೂ ಕಂಬ ಬಿದ್ದಿಲ್ಲ. ‘ಮೊದಲು’ ಇನ್ನೂ ನಮ್ಮ ಕೈಯಲ್ಲಿದೆ.